ವಯಸ್ಸಿಗೆ ತಕ್ಕ ಆಟ

ದೊಡ್ಡವರು ಯಾವ ಆಟ ಆಡಬಹುದು, ಯಾವುದನ್ನು ಆಡಬಾರದು ಎಂಬ ಒಂದು ಪಟ್ಟಿಯನ್ನು ನಮ್ಮ ಸಮಾಜ ಯಾರಿಗೂ ಹೇಳದೆ ಮಾಡಿಟ್ಟುಕೊಂಡಿದೆ. ಇಸ್ಪೀಟು ಆಡಬಹುದು, ಅದಕ್ಕೆ ಕ್ಲಬ್ಬುಗಳಿವೆ. ಷಟಲ್ ಆಡಬಹುದು; ಸಕ್ಕರೆ ಕಾಯಿಲೆಗೆ ಒಳ್ಳೆಯದು. ಚದುರಂಗ ಆಡಬಹುದು, ಬುದ್ಧಿವಂತರೆಂಬ ಹೆಸರು ಬರುತ್ತದೆ. ಬೇರೆಯವರು ಆಡುವ ಕ್ರಿಕೆಟ್ಟನ್ನು ಇಡೀ ದಿನ ಕೂತು ನೋಡಬಹುದು, ಅದು ದೇಶಭಕ್ತಿ. ಷೇರುಪೇಟೆಯಲ್ಲಿ ಆಡಬಹುದು, ಅದನ್ನು ಆಟವೆಂದು ಕರೆಯುವುದೇ ಅಪಚಾರ. ಆದರೆ ನಾಲ್ಕೈದು ಜನ ದೊಡ್ಡವರು ಒಂದು ಮೇಜಿನ ಸುತ್ತ ಕೂತು, ಒಬ್ಬ ತಾನು ಕೋಟೆಯ ಕಾವಲುಗಾರನೆಂದೂ, ಇನ್ನೊಬ್ಬಳು ತಾನು ಮದ್ದು ಬಲ್ಲ ಸನ್ಯಾಸಿನಿಯೆಂದೂ, ಮತ್ತೊಬ್ಬ ತಾನು ರಾಜ್ಯ ಕಳೆದುಕೊಂಡ ಅರಸನೆಂದೂ ಹೇಳಿಕೊಂಡು ಮಾತಿಗೆ ತೊಡಗಿದರೆ, ಮನೆಯವರು ಬಾಗಿಲು ಓರೆ ಮಾಡಿ ಇಣುಕಿ, ನಕ್ಕು, ಮತ್ತೆ ಮುಚ್ಚುತ್ತಾರೆ. ಆ ನಗುವಿಗೆ ಉತ್ತರ ಕೊಡುವುದು ಈ ಬರಹದ ಉದ್ದೇಶ.

"ಎಂಥದು ಭಾವ, ಈಗ ಮಕ್ಕಳಾಟ ಶುರು ಮಾಡಿದ್ದೀರಂತೆ?" ಎಂದು ಮದುವೆಮನೆಯ ಪಂಕ್ತಿಯಲ್ಲಿ, ಸಾರು ಬರುವ ಮತ್ತು ಪಾಯಸ ಬರುವ ನಡುವೆ, ಕೇಳುವವರಿದ್ದಾರೆ. ಕೇಳುವವರು ಕೆಟ್ಟವರಲ್ಲ. ಆದರೆ ಅವರ ಆಕ್ಷೇಪಗಳನ್ನೆಲ್ಲ ಒಟ್ಟುಮಾಡಿ ಸೋಸಿದರೆ ಉಳಿಯುವುದು ಮೂರೇ: ಇದು ಮಕ್ಕಳದ್ದು, ಇದು ಜೀವನದಿಂದ ಪಲಾಯನ, ಇದರಿಂದ ಕಾಸಿನ ಪ್ರಯೋಜನವಿಲ್ಲ. ಮೊದಲನೆಯದು ಸುಳ್ಳು. ಎರಡನೆಯದು ಇನ್ನೂ ದೊಡ್ಡ ಸುಳ್ಳು. ಮೂರನೆಯದು ನಿಜ, ಮತ್ತು ಅದೇ ಈ ಆಟದ ಹೆಚ್ಚುಗಾರಿಕೆ.

ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ಇಂಗ್ಲಿಷಿನಲ್ಲಿ ಇದಕ್ಕೆ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಇವುಗಳಲ್ಲಿ ಎಲ್ಲಕ್ಕಿಂತ ಹೆಸರು ಮಾಡಿದ್ದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಕಂಪ್ಯೂಟರ್ ಬೇಡ, ವೇಷ ಬೇಡ, ರಂಗಸ್ಥಳ ಬೇಡ. ಮೇಜು, ಕಾಗದ, ಪೆನ್ಸಿಲ್ಲು, ಕೆಲವು ದಾಳಗಳು ಸಾಕು. ಪ್ರತಿಯೊಬ್ಬನಿಗೂ ಒಂದು ಪಾತ್ರ. ಆ ಪಾತ್ರದ ಬಲವೆಷ್ಟು, ಬುದ್ಧಿಯೆಷ್ಟು, ಚೀಲದಲ್ಲಿ ಏನಿದೆ ಎಂಬುದು ಒಂದು ಹಾಳೆಯಲ್ಲಿ ಬರೆದಿರುತ್ತದೆ. ಒಬ್ಬ ಮಾತ್ರ ಪಾತ್ರ ವಹಿಸದೆ ಕಥೆಯನ್ನು ನಡೆಸುತ್ತಾನೆ. ಅವನನ್ನು ನಿರ್ವಾಹಕ ಎಂದರೆ ಬಸ್ಸಿನ ನೆನಪಾಗುತ್ತದೆ. ಆದ್ದರಿಂದ ನಮ್ಮ ಕೂಟದಲ್ಲಿ ನಾವು ಅವನನ್ನು ಭಾಗವತ ಎನ್ನುತ್ತೇವೆ.

ಭಾಗವತ ಹೇಳುತ್ತಾನೆ: "ಸೇತುವೆ ಹಳೆಯದು. ಹಲಗೆ ಕುಂಬಾಗಿದೆ. ಕೆಳಗೆ ನದಿ ತುಂಬಿ ಹರಿಯುತ್ತಿದೆ. ಏನು ಮಾಡುತ್ತೀರಿ?" ಒಬ್ಬ ಹೇಳುತ್ತಾನೆ: "ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಾನು ಮೊದಲು ದಾಟುತ್ತೇನೆ." ಇನ್ನೊಬ್ಬಳು: "ಹಗ್ಗದ ಈ ತುದಿ ನನ್ನ ಕೈಯಲ್ಲಿರಲಿ." ಆಗ ಇಪ್ಪತ್ತು ಮುಖದ ದಾಳ ಉರುಳುತ್ತದೆ. ದೊಡ್ಡ ಸಂಖ್ಯೆ ಬಿದ್ದರೆ ದಾಟಿದ. ಸಣ್ಣದು ಬಿದ್ದರೆ ಹಲಗೆ ಮುರಿಯಿತು, ಇನ್ನು ಹಗ್ಗ ಹಿಡಿದವಳ ಸರದಿ. ಹೀಗೆ ಮೂರು ನಾಲ್ಕು ಗಂಟೆ. ಮುಂದಿನ ವಾರ ಬಿಟ್ಟಲ್ಲಿಂದ ಮುಂದಕ್ಕೆ. ಕೆಲವು ಕಥೆಗಳು ವರ್ಷಗಟ್ಟಲೆ ನಡೆಯುತ್ತವೆ. ಗೆದ್ದವರು, ಸೋತವರು ಎಂಬ ಲೆಕ್ಕವೇ ಇಲ್ಲ.

ಇಷ್ಟೇ. ಈಗ ಮೊದಲನೆಯ ಆಕ್ಷೇಪ: ಇದು ಮಕ್ಕಳದ್ದು.

ಚರಿತ್ರೆ ಹಾಗೆ ಹೇಳುವುದಿಲ್ಲ. ಈ ಆಟದ ಬೇರು ಹುಡುಕಿಕೊಂಡು ಹೋದರೆ ಸಿಗುವುದು ತೊಟ್ಟಿಲಲ್ಲ, ಸೈನ್ಯದ ಶಿಬಿರ. 1824ರಲ್ಲಿ ಪ್ರಷ್ಯದ ರೈಸ್ವಿಟ್ಸ್ ಎಂಬ ಲೆಫ್ಟಿನೆಂಟ್ ಸೇನಾಧಿಕಾರಿಗಳ ತರಬೇತಿಗಾಗಿ ಭೂಪಟ, ತುಂಡುಗಳು, ದಾಳ ಮತ್ತು ಒಬ್ಬ ತೀರ್ಪುಗಾರನನ್ನು ಇಟ್ಟುಕೊಂಡು ಒಂದು ಯುದ್ಧದಾಟವನ್ನು ಪ್ರಕಟಿಸಿದ. ಮೀಸೆ ಹೊತ್ತ ಅಧಿಕಾರಿಗಳು ಅದನ್ನು ಆಡಿದರು. 1913ರಲ್ಲಿ ಎಚ್.ಜಿ. ವೆಲ್ಸ್, ನಲವತ್ತಾರು ದಾಟಿದ ಪ್ರಸಿದ್ಧ ಕಾದಂಬರಿಕಾರ, ನೆಲದ ಮೇಲೆ ತವರದ ಸಿಪಾಯಿಗಳನ್ನು ಹರಡಿ ಆಡುವ ಆಟಕ್ಕೆ ನಿಯಮ ಬರೆದು 'ಲಿಟ್ಲ್ ವಾರ್ಸ್' ಎಂಬ ಪುಸ್ತಕ ಮಾಡಿದ. ನಿಜವಾದ ಯುದ್ಧಕ್ಕಿಂತ ಈ ಆಟದ ಯುದ್ಧವೇ ಎಷ್ಟೋ ಮೇಲು ಎಂಬುದು ಅದರಲ್ಲಿ ಅವನ ವಾದ. ಮರುವರ್ಷವೇ ಯುರೋಪಿನ ಗಂಭೀರ ಮುಖದ ಹಿರಿಯರೆಲ್ಲ ಸೇರಿ ನಿಜವಾದದ್ದನ್ನು ಶುರುಮಾಡಿದರು. ಯಾರದು ಹುಡುಗಾಟವಾಗಿತ್ತು ಎಂದು ಓದುಗರೇ ತೀರ್ಮಾನಿಸಲಿ.

1969ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಡೇವಿಡ್ ವೆಸೆಲಿ ಎಂಬವನು ಯುದ್ಧದಾಟದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದ. ಆಟಗಾರರಿಗೆ ಸೈನ್ಯ ಕೊಡುವ ಬದಲು ಒಂದು ಕಾಲ್ಪನಿಕ ಜರ್ಮನ್ ಊರಿನ ಒಬ್ಬೊಬ್ಬ ಮನುಷ್ಯನನ್ನು ಕೊಟ್ಟ. ಒಬ್ಬ ಊರಿನ ಮೇಯರ್, ಇನ್ನೊಬ್ಬ ಮತ್ತೇನೋ. ಕದನ ಬರುವ ಮೊದಲೇ ಎಲ್ಲರೂ ಒಬ್ಬರೊಡನೊಬ್ಬರು ಮಾತಾಡುತ್ತ, ಗುಟ್ಟು ಮಾಡುತ್ತ, ಸಂಚು ಹೂಡುತ್ತ ಚದುರಿಹೋದರು. ಆಟ ಕೆಟ್ಟಿತೆಂದು ವೆಸೆಲಿ ತಿಳಿದ. ಆಡಿದವರು ಮಾತ್ರ ಇನ್ನೊಮ್ಮೆ ಆಡೋಣ ಎಂದರು. ಅವರಿಗೆ ರುಚಿ ಹತ್ತಿದ್ದು ಕದನದಲ್ಲಲ್ಲ, ಇನ್ನೊಬ್ಬನಾಗಿ ಮಾತಾಡುವುದರಲ್ಲಿ.

ಆ ಕೂಟದಲ್ಲಿದ್ದ ಡೇವ್ ಆರ್ನೆಸನ್ ಮತ್ತು ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಪಟ್ಟಣದ ಗ್ಯಾರಿ ಗೈಗ್ಯಾಕ್ಸ್ ಸೇರಿ 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಪ್ರಕಟಿಸಿದರು. ಮೊದಲ ಮುದ್ರಣ 1000 ಪ್ರತಿ. ಒಂದು ಡಬ್ಬಿಯಲ್ಲಿ ಮೂರು ಕಿರುಪುಸ್ತಕ. ಬೆಲೆ 10 ಡಾಲರ್. ಗೈಗ್ಯಾಕ್ಸ್ ವಿಮಾ ಕಂಪನಿಯ ಕೆಲಸ ಹೋಗಿ ಚಪ್ಪಲಿ, ಬೂಟು ರಿಪೇರಿ ಮಾಡಿಕೊಂಡಿದ್ದ ಸಂಸಾರಸ್ಥ, ವಯಸ್ಸು ಮೂವತ್ತೈದು. ಕೆಲಸ ಕಳೆದುಕೊಂಡು ಸಂಸಾರ ಹೊತ್ತವನು, ಪಕ್ಕದ ರಾಜ್ಯದ ಇನ್ನೊಬ್ಬ ವಯಸ್ಕನ ಜೊತೆ ಸೇರಿ, ತಮ್ಮಂಥ ವಯಸ್ಕರಿಗಾಗಿ ಮಾಡಿಕೊಂಡ ಆಟ ಇದು. ಮಕ್ಕಳು ಆಮೇಲೆ ಬಂದರು. ಬಂದದ್ದು ಒಳ್ಳೆಯದೇ. ಆದರೆ ಅಡುಗೆಮನೆಗೆ ಮಗು ಹೊಕ್ಕು ಬೆಲ್ಲ ತಿಂದ ಮಾತ್ರಕ್ಕೆ ಅಡುಗೆಮನೆ ಮಗುವಿನದಾಗುವುದಿಲ್ಲ.

ಆದರೂ ನಮ್ಮವರು ನಗುತ್ತಾರೆ. ನನಗೆ ನಿಜವಾಗಿ ಆಶ್ಚರ್ಯವಾಗುವುದು ಇಲ್ಲಿ. ಅಮೆರಿಕದವನು ನಕ್ಕರೆ ಅರ್ಥಮಾಡಿಕೊಳ್ಳಬಹುದು. ಕರಾವಳಿಯ ನಾವು ನಗಬಹುದೇ? ಮೇಳಗಳು ಗೆಜ್ಜೆ ಬಿಚ್ಚಿಟ್ಟ ಮಳೆಗಾಲದಲ್ಲಿ, ದೇವಸ್ಥಾನದ ಚಾವಡಿಯಲ್ಲೋ ಯಾರದೋ ಮನೆಯ ಜಗಲಿಯಲ್ಲೋ, ಅಂಗಿ ಶಾಲು ಹಾಕಿಕೊಂಡ ನಾಲ್ಕು ಜನ ಹಿರಿಯರು ಕೂತು, ಒಬ್ಬ ತಾನು ವಾಲಿ ಎಂದೂ, ಇನ್ನೊಬ್ಬ ತಾನು ರಾಮನೆಂದೂ ರಾತ್ರಿಯಿಡೀ ವಾದಿಸುವುದನ್ನು ಕೇಳಿ ಬೆಳೆದವರು ನಾವು. ತಾಳಮದ್ದಳೆಯಲ್ಲಿ ವೇಷವಿದೆಯೇ? ಕುಣಿತವಿದೆಯೇ? ಬರೆದಿಟ್ಟ ಮಾತು ಇದೆಯೇ? ಭಾಗವತರು ಪದ್ಯ ಹೇಳುತ್ತಾರೆ. ಅರ್ಥಧಾರಿ ಆ ಕ್ಷಣಕ್ಕೆ ಹೊಳೆದದ್ದನ್ನು ಆಡುತ್ತಾನೆ. ಎದುರಿನವನು ಅದಕ್ಕೆ ಆ ಕ್ಷಣಕ್ಕೇ ಉತ್ತರ ಕಟ್ಟಬೇಕು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳಿದರೆ, ಕೂತ ರಾಮ ತಡವರಿಸುವಂತಿಲ್ಲ.

ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿಯೋ ರಾವಣನಾಗಿಯೋ ಕೂತು ಮಾತಿಗೆ ತೊಡಗಿದರೆ "ಈ ವಯಸ್ಸಿನಲ್ಲಿ ಇದೆಂಥ ಮಕ್ಕಳಾಟ" ಎಂದವರು ಯಾರಾದರೂ ಇದ್ದಾರೆಯೇ? ಕುಂಬಳೆ ಸುಂದರ ರಾವ್ (1934–2022) ಅರ್ಥ ಹೇಳಿಕೊಂಡೇ ಹೆಸರಾದವರು. 1994ರಲ್ಲಿ ಶಾಸಕರೂ ಆದರು. ತಾನಲ್ಲದವನಾಗಿ ಮಾತಾಡುವುದು ಬಾಲಿಶವೆಂದು ಅವರಿಗೆ ವೋಟು ಹಾಕಿದವರು ತಿಳಿದಿರಲಿಲ್ಲ. ಅಂದಮೇಲೆ ನಮ್ಮ ಮೇಜಿನ ಸುತ್ತ ನಡೆಯುವುದರಲ್ಲಿ ನಗುವಂಥದ್ದು ಏನಿದೆ? ಅಲ್ಲಿ ಪುರಾಣ, ಇಲ್ಲಿ ಡ್ರ್ಯಾಗನ್. ಅಲ್ಲಿನ ಹತ್ತು ತಲೆಯವನು ನಮಗೆ ಪರಿಚಿತ, ಇಲ್ಲಿನ ಬೆಂಕಿಯುಗುಳುವವನು ಅಪರಿಚಿತ. ಆಕ್ಷೇಪ ಇಷ್ಟೇ ಆಗಿದ್ದರೆ ಅದು ವಯಸ್ಸಿನ ಪ್ರಶ್ನೆಯಲ್ಲ, ರೂಢಿಯ ಪ್ರಶ್ನೆ.

ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ತಾಳಮದ್ದಳೆ ಒಂದು ಕಲೆ. ಅದಕ್ಕೆ ಓದು ಬೇಕು, ನಾಲಗೆಯ ಪಳಗುವಿಕೆ ಬೇಕು, ಎದುರಿಗೆ ಸಭೆ ಬೇಕು. ಈ ಆಟಕ್ಕೆ ಸಭೆಯಿಲ್ಲ. ಆಡುವವರೇ ಕೇಳುವವರು, ಆದ್ದರಿಂದ ಚಪ್ಪಾಳೆಗಾಗಿ ಮಾತಾಡುವ ಚಪಲಕ್ಕೆ ಎಡೆಯಿಲ್ಲ, ಮಾತು ಬಾರದವನೂ ಕೂರಬಹುದು. ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ವಾಲಿ ಎಷ್ಟು ಚೆನ್ನಾಗಿ ವಾದಿಸಿದರೂ ಸಾಯಲೇಬೇಕು. ಪ್ರಸಂಗ ಹಾಗೆ ಬರೆದಿದೆ. ಇಲ್ಲಿ ಕೊನೆ ಏನೆಂದು ಭಾಗವತನಿಗೂ ಗೊತ್ತಿಲ್ಲ.

ದೊಡ್ಡವರಿಗೆ ಇದರಲ್ಲಿ ಯಾಕೆ ಸುಖ ಸಿಗುತ್ತದೆ ಎಂಬ ಪ್ರಶ್ನೆಗೆ ನನ್ನ ಉತ್ತರವನ್ನು ಈಗ ಹೇಳಿಬಿಡುತ್ತೇನೆ. ಮನುಷ್ಯ ದೊಡ್ಡವನಾಗುವುದೆಂದರೆ ಅವನ ನಾಲಗೆ ಕಟ್ಟಿಹೋಗುವುದು. ಬೆಳಿಗ್ಗೆಯಿಂದ ರಾತ್ರಿಯ ತನಕ ಒಬ್ಬ ವಯಸ್ಕ ಆಡುವ ಮಾತನ್ನು ಬರೆದುಕೊಂಡು ನೋಡಿ. ಅದರಲ್ಲಿ ಮುಕ್ಕಾಲು ಪಾಲು ಅವನ ಸ್ಥಾನ ಆಡಿದ ಮಾತು. ಮೇಲಿನವರೊಡನೆ ಒಂದು ಸ್ವರ, ಕೆಳಗಿನವರೊಡನೆ ಒಂದು ಸ್ವರ, ಮಾವನ ಮುಂದೆ ಒಂದು, ಮಗನ ಮುಂದೆ ಒಂದು. ನಮ್ಮ ಭಾಷೆಯಂತೂ ಈ ಕಟ್ಟನ್ನು ವ್ಯಾಕರಣದಲ್ಲೇ ಬಿಗಿದಿಟ್ಟಿದೆ: ನೀನು, ನೀವು, ತಾವು. ಬಾಯಿ ತೆರೆಯುವ ಮೊದಲೇ ಎದುರಿನವನು ನನಗಿಂತ ಮೇಲೋ ಕೆಳಗೋ ಎಂದು ತೀರ್ಮಾನಿಸದೆ ಕನ್ನಡದಲ್ಲಿ "ಎಲ್ಲಿಗೆ ಹೊರಟದ್ದು" ಎಂದು ಕೇಳುವುದೂ ಕಷ್ಟ.

ನಾನು ಐವತ್ತು ದಾಟಿದವನು, ಒಂದು ಸಹಕಾರಿ ಸಂಘದ ಲೆಕ್ಕಪತ್ರ ನೋಡಿಕೊಳ್ಳುವವನು. ನಮ್ಮ ಕೂಟದಲ್ಲಿ ನನ್ನ ತಂಗಿಯ ಮಗನಿದ್ದಾನೆ, ವಯಸ್ಸು ಇಪ್ಪತ್ತನಾಲ್ಕು. ಮನೆಯಲ್ಲಿ ಅವನು ನನ್ನ ಎದುರು ಕಾಲ ಮೇಲೆ ಕಾಲು ಹಾಕಿ ಕೂರುವುದಿಲ್ಲ. "ಮಾವ, ನೀವು ಹೇಳಿದ ಹಾಗೆ" ಎನ್ನುವುದು ಅವನ ಎಲ್ಲ ಮಾತಿನ ಕೊನೆ. ಆಟದಲ್ಲಿ ಅವನು ರಾಜ್ಯ ಕಳೆದುಕೊಂಡ ಅರಸ, ನಾನು ಅವನ ಕೋಟೆಯ ಬಾಗಿಲು ಕಾಯುವವನು. ಮೊದಲ ಎರಡು ವಾರ ಅರಸ ಕಾವಲುಗಾರನನ್ನು "ನೀವು" ಎಂದೇ ಕರೆಯುತ್ತಿದ್ದ, ಎಲ್ಲರೂ ನಕ್ಕರು. ಮೂರನೆಯ ವಾರ ಅವನ ಬಾಯಿಂದ "ನೀನು ಯಾರ ಅಪ್ಪಣೆ ಕೇಳಿ ಬಾಗಿಲು ತೆರೆದೆ?" ಎಂಬ ಮಾತು ಬಂತು. ಕೋಣೆ ಒಂದು ಕ್ಷಣ ಸ್ತಬ್ಧವಾಯಿತು. ನಾನು ಎದ್ದು ನಿಂತು, "ಪ್ರಭು, ಹೊರಗೆ ಮಕ್ಕಳಿದ್ದರು" ಎಂದೆ.

ನಡೆದದ್ದು ಇದು. ಕಥೆಯಲ್ಲಿ ಪಕ್ಕದ ಊರಿಗೆ ಜ್ವರ ಬಡಿದಿತ್ತು. ಜನ ಗುಳೆ ಎದ್ದು ಕೋಟೆಯ ಬಾಗಿಲಿಗೆ ಬಂದರು. ಒಳಗೆ ಬಿಟ್ಟರೆ ಜ್ವರ ಒಳಗೆ, ಬಿಡದಿದ್ದರೆ ಅವರು ಹೊರಗೆ ಸಾಯುತ್ತಾರೆ. ಅರಸ ಊರಲ್ಲಿರಲಿಲ್ಲ. ನಾನು ಬಾಗಿಲು ತೆರೆಸಿದೆ. ದಾಳ ನನ್ನ ಪರವಾಗಿ ಬೀಳಲಿಲ್ಲ. ಜ್ವರ ಒಳಗೆ ಬಂತು. ಮೂರು ವಾರ, ಅಂದರೆ ಮೂರು ಶನಿವಾರ, ನಾವು ಆ ಜ್ವರದೊಂದಿಗೇ ಇದ್ದೆವು. ಮದ್ದು ಬಲ್ಲ ಸನ್ಯಾಸಿನಿಯ ಪಾತ್ರ ವಹಿಸಿದಾಕೆ ದಿನವೂ ಔಷಧ ಹಂಚುವ ನೌಕರಿಯವಳು. ಅವಳು ಅರಸನಿಗಿಂತ ಗಟ್ಟಿಯಾಗಿ ನನ್ನನ್ನು ಕೇಳಿದಳು: "ಕರುಣೆ ನಿನ್ನದು, ಸಾವು ನನ್ನ ಕೈಯಲ್ಲಿ. ಇದು ಯಾವ ನ್ಯಾಯ?" ಆ ಬಾಗಿಲು ತೆರೆದದ್ದು ಸರಿ ಎಂದೇ ನಾನು ಅವತ್ತು ವಾದಿಸಿದೆ, ಇವತ್ತೂ ವಾದಿಸುತ್ತೇನೆ. ಆದರೆ ವಾದಿಸಲೇಬೇಕಾಯಿತು ಎಂಬುದು ಮುಖ್ಯ. ಆಫೀಸಿನಲ್ಲಿ ಯಾರಾದರೂ ಬಾಗಿಲಿಗೆ ಬಂದರೆ ನನಗೆ ವಾದದ ಅಗತ್ಯವೇ ಇಲ್ಲ. "ನಿಯಮದಲ್ಲಿ ಅವಕಾಶವಿಲ್ಲ" ಎಂಬ ರಬ್ಬರು ಮೊಹರಿದೆ.

ಎರಡನೆಯ ಆಕ್ಷೇಪಕ್ಕೆ, ಅಂದರೆ ಪಲಾಯನವೆಂಬ ಮಾತಿಗೆ, ನನ್ನ ಉತ್ತರ ಇಲ್ಲಿದೆ. ಪಲಾಯನವೆಂದರೆ ಹೊಣೆಯಿಂದ ಓಡುವುದು. ಟಿ.ವಿ. ಧಾರಾವಾಹಿ ನೋಡುವವನಿಗೆ ಹೊಣೆಯಿಲ್ಲ. ಅತ್ತೆ ಸೊಸೆಗೆ ವಿಷ ಹಾಕಿದರೆ ಅವನು ಹುರಿಗಡಲೆ ತಿನ್ನುತ್ತಿರಬಹುದು. ಹಗಲುಗನಸು ಕಾಣುವವನಿಗೂ ಹೊಣೆಯಿಲ್ಲ. ಕನಸು ಕೆಟ್ಟರೆ ಇನ್ನೊಂದು ಕಾಣುತ್ತಾನೆ. ಈ ಮೇಜಿನಲ್ಲಿ ಹಾಗಲ್ಲ. ಆಡಿದ ಮಾತು ಆಡಿದ ಹಾಗೆಯೇ ಉಳಿಯುತ್ತದೆ. ನಾಲ್ಕು ಜನ ಕೇಳಿದ್ದಾರೆ. ಅದರ ಮೇಲೆ ಅವರು ತಮ್ಮ ಮಾತು ಕಟ್ಟಿದ್ದಾರೆ. ಮುಂದಿನ ವಾರ ಅದರ ಫಲ ನಿಮ್ಮೆದುರು ಬಂದು ಕೂರುತ್ತದೆ. ಹೆಸರು ನಿಮ್ಮದಲ್ಲ, ಕೋಟೆ ಇಲ್ಲವೇ ಇಲ್ಲ. ಆದರೆ ಹೊಣೆ ಮಾತ್ರ ನಿಜ. ಹಗಲಿನ ಬದುಕಿನಲ್ಲಿ ಹೆಸರು ನಿಮ್ಮದು, ಮೇಜು ಕುರ್ಚಿ ಎಲ್ಲ ನಿಜ. ಹೊಣೆ ಮಾತ್ರ ಫೈಲಿನಿಂದ ಫೈಲಿಗೆ ಜಾರುತ್ತಿರುತ್ತದೆ. ಯಾರು ಯಾವುದರಿಂದ ಓಡಿಹೋಗುತ್ತಿದ್ದಾರೆ ಎಂದು ಮತ್ತೊಮ್ಮೆ ಕೇಳಿಕೊಳ್ಳಬೇಕು.

ಇನ್ನು ದಾಳದ ಮಾತು. ದಾಳ ಎಂದ ಕೂಡಲೇ ನಮಗೆ ಧರ್ಮರಾಯನ ನೆನಪಾಗುತ್ತದೆ, ಮನೆಯ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಆದರೆ ಧರ್ಮರಾಯನ ಪಾಪ ದಾಳ ಉರುಳಿಸಿದ್ದಲ್ಲ, ಪಣವಿಟ್ಟದ್ದು. ಇಲ್ಲಿ ಪಣವಿಲ್ಲ, ಗೆದ್ದು ಮನೆಗೆ ಒಯ್ಯುವಂಥದ್ದು ಏನೂ ಇಲ್ಲ. ಹಾಗಾದರೆ ದಾಳ ಯಾಕೆ? ದೊಡ್ಡವರಿಗೆ ಗೊತ್ತಿರುವ, ಮಕ್ಕಳಿಗೆ ಇನ್ನೂ ಗೊತ್ತಿಲ್ಲದ ಒಂದು ಸತ್ಯವನ್ನು ಒಪ್ಪಿಕೊಳ್ಳುವುದಕ್ಕೆ. ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೆಲವೊಮ್ಮೆ ಆಗುವುದಿಲ್ಲ. ಅಡಿಕೆಗೆ ಹೊತ್ತಿಗೆ ಸರಿಯಾಗಿ ಮದ್ದು ಬಿಟ್ಟರೂ ಕೊಳೆರೋಗ ಬಂದ ವರ್ಷಗಳಿವೆ. ಮಕ್ಕಳ ಕಥೆಯಲ್ಲಿ ಒಳ್ಳೆಯವನು ಗೆಲ್ಲಬೇಕು, ಇಲ್ಲವಾದರೆ ಮಗು ಅಳುತ್ತದೆ. ಈ ಆಟದಲ್ಲಿ ಒಳ್ಳೆಯವನ ದಾಳಕ್ಕೂ ಒಂದು ಬೀಳುತ್ತದೆ, ಆಮೇಲೂ ಕಥೆ ನಡೆಯುತ್ತದೆ. ಸೋತ ಮೇಲೆ ಏನು ಮಾಡುವುದು ಎಂಬುದೇ ಅದರ ಅತ್ಯಂತ ರಸವತ್ತಾದ ಭಾಗ. ಸೋಲನ್ನು ರುಚಿ ನೋಡಿ ಸವಿಯುವ ನಾಲಗೆ ಬರುವುದು ವಯಸ್ಸಾದ ಮೇಲೆಯೇ.

ಈ ಆಟದ ಮೇಲೆ ನಗುವಿಗಿಂತ ಘೋರವಾದ ಆಪಾದನೆಯೂ ಬಂದದ್ದುಂಟು. 1980ರ ದಶಕದ ಅಮೆರಿಕದಲ್ಲಿ ಇದು ಸೈತಾನನ ಪೂಜೆ, ಇದನ್ನು ಆಡಿದವರಿಗೆ ಹುಚ್ಚು ಹಿಡಿಯುತ್ತದೆ, ಪ್ರಾಣ ಕಳೆದುಕೊಳ್ಳುತ್ತಾರೆ ಎಂಬ ಗುಲ್ಲೆದ್ದಿತು. 1982ರಲ್ಲಿ 'ಮೇಜಸ್ ಅಂಡ್ ಮಾನ್ಸ್ಟರ್ಸ್' ಎಂಬ ಟಿ.ವಿ. ಚಿತ್ರ ಬಂತು, ಆಟ ಆಡಿ ಭ್ರಮೆಗೆ ಬಿದ್ದ ಹುಡುಗನಾಗಿ ಅದರಲ್ಲಿ ನಟಿಸಿದವನು ಆಗಿನ್ನೂ ತರುಣನಾಗಿದ್ದ ಟಾಮ್ ಹ್ಯಾಂಕ್ಸ್. 1983ರಲ್ಲಿ, ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಈ ಆಟದ ವಿರುದ್ಧ ಒಂದು ಸಂಘಟನೆಯನ್ನೇ ಕಟ್ಟಿದರು. ಆ ತಾಯಿಯ ದುಃಖದ ಮುಂದೆ ನಾನು ತಲೆ ತಗ್ಗಿಸುತ್ತೇನೆ. ಆದರೆ ದುಃಖ ಸಾಕ್ಷ್ಯವಲ್ಲ. ಆಟಕ್ಕೂ ಸಾವಿಗೂ ಕಾರ್ಯಕಾರಣ ಸಂಬಂಧವಿದೆ ಎಂಬುದು ಸಿದ್ಧವಾಗಲಿಲ್ಲ, ಗುಲ್ಲು ತಾನಾಗಿ ಅಡಗಿತು.

ಅಡಗದೆ ಉಳಿದದ್ದು ಅನುಮಾನ. ಆಟ ಹುಟ್ಟಿದ ಅದೇ ವಿಸ್ಕಾನ್ಸಿನ್ ರಾಜ್ಯದ ವಾಪನ್ ಎಂಬ ಊರಿನ ಜೈಲಿನಲ್ಲಿ, 2004ರಲ್ಲಿ, ಜೀವಾವಧಿ ಶಿಕ್ಷೆಯ ಕೈದಿಯೊಬ್ಬನ ಕೋಣೆಯಿಂದ ಆಟದ ಪುಸ್ತಕಗಳನ್ನೂ ಅವನು ಕೈಯಲ್ಲೇ ಬರೆದಿದ್ದ 96 ಪುಟದ ಒಂದು ಹಸ್ತಪ್ರತಿಯನ್ನೂ ಅಧಿಕಾರಿಗಳು ವಶಪಡಿಸಿಕೊಂಡರು. ಅವನು ನ್ಯಾಯಾಲಯಕ್ಕೆ ಹೋದ. ಜೈಲಿನವರ ವಾದ ಹೀಗಿತ್ತು: ಈ ಆಟದಲ್ಲಿ ಒಬ್ಬ ನಡೆಸುತ್ತಾನೆ, ಉಳಿದವರು ಅವನು ಹೇಳಿದ್ದಕ್ಕೆ ತಕ್ಕಂತೆ ನಡೆಯುತ್ತಾರೆ, ಇದು ಪುಂಡರ ಗುಂಪಿನ ರಚನೆಯಂತೆಯೇ ಇದೆ, ಮೇಲಾಗಿ ತಪ್ಪಿಸಿಕೊಳ್ಳುವ ಕಲ್ಪನೆಗಳನ್ನು ಬೆಳೆಸುತ್ತದೆ. 2010ರಲ್ಲಿ ಮೇಲ್ಮನವಿ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು. ಜೈಲಿನಲ್ಲಿ ಹಿಂದೆ ಅಂಥ ಅನಾಹುತ ನಡೆದಿತ್ತೆಂದು ತೋರಿಸಬೇಕಾದ ಅಗತ್ಯವಿರಲಿಲ್ಲ. ಭಯಕ್ಕೆ ಒಂದು ತರ್ಕವಿದ್ದರೆ ಸಾಕಿತ್ತು.

ಆ ತರ್ಕವನ್ನು ಸ್ವಲ್ಪ ಒರೆಗೆ ಹಚ್ಚೋಣ. ಒಬ್ಬ ನಡೆಸುತ್ತಾನೆ, ಉಳಿದವರು ಕೇಳುತ್ತಾರೆ ಎಂಬುದೇ ಅಪರಾಧವಾದರೆ ಮೊದಲು ಮುಚ್ಚಬೇಕಾದದ್ದು ಜೈಲನ್ನೇ. ಆಮೇಲೆ ಶಾಲೆ, ಸೈನ್ಯ, ನನ್ನ ಆಫೀಸು. ನಮ್ಮ ಭಾಗವತನಿಗೆ ಕೇಳಿಸಿಕೊಳ್ಳುವ ಜನ ಇದ್ದಿದ್ದರೆ ಅವನು ಎಷ್ಟು ಸುಖಿಯಾಗಿರುತ್ತಿದ್ದ! ಅವನು ವಾರವಿಡೀ ಕೂತು ಬೆಟ್ಟದ ಮೇಲೊಂದು ಗುಡಿ ಕಟ್ಟಿಕೊಂಡು ಬರುತ್ತಾನೆ. ಆಟಗಾರರು ಗುಡಿಯ ಕಡೆ ತಿರುಗಿಯೂ ನೋಡದೆ ಸಂತೆಗೆ ಹೋಗಿ ಎಮ್ಮೆ ಕೊಳ್ಳುತ್ತಾರೆ. ಅವನ ಕೆಲಸ ಅಪ್ಪಣೆ ಕೊಡುವುದಲ್ಲ, "ಏನು ಮಾಡುತ್ತೀರಿ?" ಎಂದು ಕೇಳುವುದು. ಜೈಲಿನವರಿಗೆ ಆ ಪ್ರಶ್ನೆಯೇ ಅಪರಿಚಿತವಾಗಿತ್ತು.

ಇನ್ನೊಂದು ಉದಾಹರಣೆ. ಟೆಕ್ಸಾಸ್ ರಾಜ್ಯದಲ್ಲಿ ಮರಣದಂಡನೆಗೆ ಗುರಿಯಾದವರನ್ನು ಲಿವಿಂಗ್‌ಸ್ಟನ್ ಹತ್ತಿರದ ಪೊಲುನ್ಸ್ಕಿ ಜೈಲಿನಲ್ಲಿ ಒಬ್ಬೊಬ್ಬರನ್ನೇ ಬೇರೆ ಬೇರೆ ಕೋಣೆಗಳಲ್ಲಿ, ದಿನದ ಬಹುಪಾಲು ಹೊತ್ತು, ಕೂಡಿಡುತ್ತಾರೆ. ಅವರಲ್ಲಿ ಕೆಲವರು ಈ ಆಟ ಆಡುತ್ತ ಬಂದದ್ದನ್ನು 2023ರಲ್ಲಿ ಅಮೆರಿಕದ ಪತ್ರಿಕೆಗಳು ವಿವರವಾಗಿ ಬರೆದವು. ಜೂಜಾದೀತೆಂದು ಅಲ್ಲಿ ದಾಳಕ್ಕೆ ನಿಷೇಧ. ಅವರು ಕಾಗದದಲ್ಲಿ ತಿರುಗುಮುಳ್ಳು ಮಾಡಿಕೊಂಡರು. ಒಬ್ಬರ ಮುಖ ಒಬ್ಬರಿಗೆ ಕಾಣದು. ಕೋಣೆಯಿಂದ ಕೋಣೆಗೆ ಕೂಗಿ ಹೇಳಿ, ಚೀಟಿ ದಾಟಿಸಿ ಆಡಿದರು. ಹದಿನೆಂಟರ ವಯಸ್ಸಿನಲ್ಲಿ ಮಾಡಿದ ಕೊಲೆಗಾಗಿ ಒಳಗೆ ಬಂದವನೊಬ್ಬ ಅವರಲ್ಲಿದ್ದ. ಅವನನ್ನು 2020ರ ಜುಲೈಯಲ್ಲಿ ಕೊಲ್ಲಲಾಯಿತು. ಅಲ್ಲಿಯ ತನಕ ಆಟದೊಳಗೆ ಅವನು ಒಂದು ಬಾಳನ್ನು ಕಟ್ಟಿಕೊಂಡಿದ್ದ. ಅವರು ಮಾಡಿದ ಅಪರಾಧವನ್ನು ನಾನು ಸಣ್ಣದು ಮಾಡುತ್ತಿಲ್ಲ. ಸತ್ತವರ ಮನೆಯವರ ಮುಂದೆ ನನಗೆ ಮಾತಿಲ್ಲ. ನನ್ನ ಪ್ರಶ್ನೆ ಬೇರೆ. ಎಲ್ಲವನ್ನೂ ಕಿತ್ತುಕೊಂಡ ಮೇಲೆ, ನಾಳೆ ಎಂಬುದನ್ನೂ ಕಿತ್ತುಕೊಂಡ ಮೇಲೆ, ಮನುಷ್ಯ ಕಾಗದ ಹರಿದು ಮುಳ್ಳು ಮಾಡಿಕೊಂಡು ಪಕ್ಕದ ಕೋಣೆಯವನಿಗೆ "ನೀನು ಏನು ಮಾಡುತ್ತೀಯ?" ಎಂದು ಕೂಗುತ್ತಾನಲ್ಲ, ಅದನ್ನು ಮಕ್ಕಳಾಟ ಎನ್ನಲು ನಿಮಗೆ ಬಾಯಿ ಬರುತ್ತದೆಯೇ? ಅದು ಹಸಿವು. ಹಸಿವಿಗೆ ವಯಸ್ಸಿಲ್ಲ.

ಇಷ್ಟು ಹೊತ್ತು ವೈರಿಗಳೊಡನೆ ಜಗಳವಾಡಿದೆ. ಇನ್ನು ಮಿತ್ರರೊಡನೆ. ಯಾಕೆಂದರೆ ಮೂರನೆಯ ಆಕ್ಷೇಪಕ್ಕೆ ಹೆದರಿ ಈ ಆಟವನ್ನು ಹಾಳುಮಾಡುತ್ತಿರುವವರು ಅವರೇ. "ಏನು ಪ್ರಯೋಜನ?" ಎಂದು ಯಾರೋ ಕೇಳಿದೊಡನೆ ನಮ್ಮವರು ಬೆವರುತ್ತ ಪಟ್ಟಿ ಒಪ್ಪಿಸುತ್ತಾರೆ: ಇದರಿಂದ ನಾಯಕತ್ವ ಬೆಳೆಯುತ್ತದೆ, ತಂಡದಲ್ಲಿ ದುಡಿಯುವ ಗುಣ ಬರುತ್ತದೆ, ಇಂಗ್ಲಿಷ್ ಸುಧಾರಿಸುತ್ತದೆ, ಮನಸ್ಸಿನ ಒತ್ತಡ ಇಳಿಯುತ್ತದೆ, ಕಂಪನಿಗಳು ನೌಕರರಿಗೆ ಆಡಿಸಬಹುದು. ಆಗಬಹುದು. ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕಿದರೆ ಕಾಲಿಗೆ ವ್ಯಾಯಾಮವೂ ಆಗುತ್ತದೆ. ಆದರೆ ವ್ಯಾಯಾಮಕ್ಕಾಗಿ ಪ್ರದಕ್ಷಿಣೆ ಹಾಕುವವನಿಗೆ ದೇವರು ಸಿಗುವುದಿಲ್ಲ. ಆಟವನ್ನು ಬಲವರ್ಧಕ ಔಷಧದಂತೆ ಮಾರಹೊರಟರೆ, ವಯಸ್ಕನಿಗೆ ಉಳಿದಿದ್ದ ಒಂದೇ ಒಂದು ಲೆಕ್ಕವಿಲ್ಲದ ಸಂಜೆಯೂ ಲೆಕ್ಕಕ್ಕೆ ಸೇರುತ್ತದೆ. ನಾನು ಲೆಕ್ಕ ಬರೆಯುವವನು. ಲೆಕ್ಕಕ್ಕೆ ಸೇರಿದ್ದರ ಗತಿ ಏನಾಗುತ್ತದೆಂದು ಬಲ್ಲೆ.

ಮಾರುವವರ ಕಥೆಯೂ ಇದೆ. ಆಟದ ಹೆಸರು ಈಗ ಹ್ಯಾಸ್ಬ್ರೊ ಎಂಬ ದೊಡ್ಡ ಆಟಿಕೆ ಕಂಪನಿಯ ಸೊತ್ತು. 2023ರ ಜನವರಿಯಲ್ಲಿ, ಹಿಂದೆ ಎಲ್ಲರೂ ಬಳಸಲು ಕೊಟ್ಟಿದ್ದ ನಿಯಮಗಳ ಪರವಾನಗಿಯನ್ನು ಬಿಗಿಗೊಳಿಸುವ ಒಂದು ಕರಡು ಹೊರಬಿತ್ತು. ಆಡುವವರು ಜಗತ್ತಿನಾದ್ಯಂತ ತಿರುಗಿಬಿದ್ದರು. ಅದೇ ತಿಂಗಳು ಮುಗಿಯುವ ಮೊದಲು ಕಂಪನಿ ಹಿಂದೆ ಸರಿದು, ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸುವಂತೆ ಬಿಟ್ಟುಕೊಟ್ಟಿತು. ಇದು ನನಗೆ ಸಂತೋಷದ ಸಂಗತಿ, ಆದರೆ ಅಚ್ಚರಿಯದ್ದಲ್ಲ. "ಹೊರಗೆ ಮಕ್ಕಳಿದ್ದರು" ಎಂಬ ಮಾತನ್ನು ಯಾವ ಕಂಪನಿಯೂ ಮುದ್ರಿಸಿ ಮಾರಿರಲಿಲ್ಲ. ಅದು ಆ ಶನಿವಾರ, ಆ ಮೇಜಿನಲ್ಲಿ ಹುಟ್ಟಿತು. ಪುಸ್ತಕ ಅವರದಿರಬಹುದು, ಮಾತು ನಮ್ಮದು.

ಈ ಆಟದಲ್ಲಿ ದೋಷಗಳಿಲ್ಲವೇ? ಧಾರಾಳ ಇವೆ. ಬೇರೆಯವರಿಗೆ ಬಾಯಿ ತೆರೆಯಲು ಬಿಡದ ಆಟಗಾರ ಎಲ್ಲ ಕೂಟದಲ್ಲೂ ಒಬ್ಬನಿರುತ್ತಾನೆ. ಅವನು ಆಫೀಸಿನಲ್ಲೂ ಹಾಗೆಯೇ. ತನ್ನ ಕಥೆಯನ್ನೇ ಹಿಡಿದು ಕೂತು ಎಲ್ಲರನ್ನೂ ಎಳೆದೊಯ್ಯುವ ಭಾಗವತನಿದ್ದಾನೆ. ಕತ್ತಿಯ ಏಟಿಗೆ ಎಷ್ಟು ಅಂಕ ಎಂದು ಒಂದು ಗಂಟೆ ಕೂಡಿಸಿ ಕಳೆಯುವ ಸಂಜೆಗಳಿವೆ. ಅಂಥ ದಿನ ನನಗೆ ಓವರ್‌ಟೈಮ್ ಕೊಡಬೇಕು ಅನ್ನಿಸುತ್ತದೆ. ಯಾವ ಮನುಷ್ಯ ವ್ಯವಹಾರದಲ್ಲಿ ಇವಿಲ್ಲ? ಕೆಟ್ಟ ಅರ್ಥಧಾರಿ ಇದ್ದಾನೆಂದು ನಾವು ತಾಳಮದ್ದಳೆ ಬಿಟ್ಟಿಲ್ಲ.

ಆದ್ದರಿಂದ ಬಾಗಿಲಲ್ಲಿ ನಿಂತು ನಗುವವರಿಗೆ ಹೇಳುವುದಿಷ್ಟು. ನಮ್ಮ ಊರಿನಲ್ಲಿ ಐವತ್ತು ದಾಟಿದ ಇಬ್ಬರು ಗಂಡಸರು ಒಟ್ಟಿಗೆ ಕೂತರೆ ಮಾತಾಡುವ ವಿಷಯಗಳು ನಾಲ್ಕು: ಅಡಿಕೆಯ ಧಾರಣೆ, ಮಂಡಿನೋವು, ರಾಜಕೀಯ, ಮಕ್ಕಳು ಇರುವ ಊರಿನ ಹವೆ. ಐದನೆಯದಕ್ಕೆ ಹೋಗಲು ನೆಪ ಬೇಕು. ಸಾವಿಗೆ ಹೆದರುತ್ತೀಯಾ, ಒಮ್ಮೆ ಕೊಟ್ಟ ಮಾತನ್ನು ಯಾವಾಗ ಮುರಿಯಬಹುದು, ಬಾಗಿಲಿಗೆ ಬಂದವನನ್ನು ಏನು ಮಾಡುತ್ತೀ ಎಂದು ಒಬ್ಬರನ್ನೊಬ್ಬರು ನೇರವಾಗಿ ಕೇಳುವಷ್ಟು ಧೈರ್ಯ ನಮಗಿಲ್ಲ. ಕಾವಲುಗಾರ ಅರಸನನ್ನು ಕೇಳಬಹುದು. ಹಿರಿಯರಿಗೆ ಮಳೆಗಾಲದ ಜಗಲಿ ಆ ನೆಪ ಕೊಟ್ಟಿತ್ತು. ನಮಗೆ ಒಂದು ಮೇಜು ಕೊಟ್ಟಿದೆ. ನಗುವುದಾದರೆ ನಗಿ, ಆದರೆ ಒಳಗೆ ಬಂದು, ಕುರ್ಚಿ ಎಳೆದುಕೊಂಡು, ದಾಳ ಕೈಯಲ್ಲಿ ಹಿಡಿದು ನಗಿ. ಆಗ ಭಾಗವತ ನಿಮ್ಮನ್ನೂ ಕೇಳುತ್ತಾನೆ: ಏನು ಮಾಡುತ್ತೀರಿ? ಆ ಪ್ರಶ್ನೆಗೆ ತಡವರಿಸದೆ ಉತ್ತರಿಸಿದ ಮೇಲೆ, ಇದು ಮಕ್ಕಳಾಟ ಹೌದೋ ಅಲ್ಲವೋ ಎಂದು ಚರ್ಚೆ ಮಾಡೋಣ.